ಒಂದು ಚೀಲ ಸಿಮೆಂಟಿನ ಬ್ರೇಕರ್

ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುವ ನಮ್ಮಂಥವರಿಗೆ ಕೆಲವು ಪದಗಳು ಕರೆಯದಿದ್ದರೂ ಬಂದು ಕೂಡುತ್ತವೆ. ಕೆರೆ ಎಂದರೆ ‘ಹೂಳು ತುಂಬಿದ’, ಚರಂಡಿ ಎಂದರೆ ‘ಗಬ್ಬು ನಾರುವ’, ರಸ್ತೆ ಉಬ್ಬು ಎಂದರೆ ‘ಅವೈಜ್ಞಾನಿಕ’. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದರಲ್ಲಿ ಯಾವ ಊರಿನ ಹೆಸರು ಹಾಕಿದರೂ ‘ಅವೈಜ್ಞಾನಿಕ ರಸ್ತೆ ಉಬ್ಬು: ಸವಾರರ ಪರದಾಟ’ ಎಂಬ ತಲೆಬರಹ ಹೊಂದಿಕೊಳ್ಳುತ್ತದೆ. ಫೋಟೊಗೂ ತ್ರಾಸಿಲ್ಲ. ಮೊಬೈಲನ್ನು ನೆಲದ ಮಟ್ಟಕ್ಕೆ ಹಿಡಿದು ತೆಗೆದರೆ ಎಂಥ ಉಬ್ಬೂ ಗುಡ್ಡದಂತೆ ಕಾಣುತ್ತದೆ.

ಇವೇ ಊರುಗಳಿಂದ ಇನ್ನೊಂದು ಸುದ್ದಿಯೂ ಬರುತ್ತದೆ: ‘ವೇಗ ತಡೆಗೆ ರಸ್ತೆ ಉಬ್ಬು ನಿರ್ಮಿಸಿ: ನಿವಾಸಿಗಳ ಆಗ್ರಹ’. ಅಧಿಕಾರಿಯೊಬ್ಬರ ಕೈಗೆ ಮನವಿ ಪತ್ರ, ಸುತ್ತ ಹತ್ತು ಮಂದಿ ಸಾಲಾಗಿ ನಿಂತ ಫೋಟೊ. ಎಷ್ಟೋ ಸಲ ಎರಡೂ ಸುದ್ದಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಓಣಿಗಳವು. ಈ ಓಣಿಯಲ್ಲಿ ಮನವಿಗೆ ಸಹಿ ಹಾಕಿದವರೇ ಆ ಓಣಿ ದಾಟುವಾಗ ಪರದಾಡುವ ಸವಾರರು. ನಮ್ಮ ಮನೆ ಮುಂದೆ ಬ್ರೇಕರ್ ಬೇಕು, ಮಂದಿ ಮನೆ ಮುಂದೆ ಬೇಡ. ಇದನ್ನು ಬೂಟಾಟಿಕೆ ಅನ್ನಲು ನಮಗೆ ಮನಸ್ಸಿಲ್ಲ. ಮಗಳು ಅಂಗಳದಲ್ಲಿ ಆಡುತ್ತಿರುವಾಗ ಮನುಷ್ಯ ಒಂದು ಥರ ಇರುತ್ತಾನೆ, ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಹೊರಟಾಗ ಇನ್ನೊಂದು ಥರ. ಎರಡೂ ಖರೇನೇ.

ಸುದ್ದಿಯಲ್ಲಿ ರಸ್ತೆ ಉಬ್ಬು, ಬಾಯಲ್ಲಿ ಬ್ರೇಕರ್. ಬೆಂಗಳೂರಿಗೆ ಹೋಗಿ ಬಂದವರು ಹಂಪ್ಸ್ ಅನ್ನುತ್ತಾರೆ. ಇಲ್ಲಿ ಬ್ರೇಕರ್ ಅಂತಲೇ ಇರಲಿ. ನಾವು ಹೇಳುವುದು ಹೆದ್ದಾರಿಯ ಬ್ರೇಕರ್ ಬಗ್ಗೆ ಅಲ್ಲ, ಮನೆಗಳ ನಡುವಿನ ಓಣಿಯದ್ದು.

ಶಹಾಬಾದಿನ ಆಟೊದವರ ಮುಂದೆ ಈ ಮಾತು ತೆಗೆದರೆ ಸಾಕು, ಕೈಯಲ್ಲಿನ ಚಹಾ ತಣ್ಣಗಾಗುತ್ತದೆ. “ವರ್ಷದಾಗ ಎರಡು ಸಲ ಶಾಕಪ್ ಬದಲಿ ಮಾಡೋದು ಅದ ಸರ. ಆ ರೊಕ್ಕ ಯಾರಿಗೆ ಕೇಳೂಣ್ರಿ?” ಎಂದು ಒಬ್ಬರು. “ಗಾಡಿ ತುಂಬಿತ್ತಂದ್ರ ತಳ ತಾಕ್ತದ. ಇಬ್ಬರಿಗಿ ಇಳೀರಿ ಅಂತೀವಿ, ದಾಟಿದ ಮ್ಯಾಲ ಮತ್ತ ಹತ್ತಿಸ್ಕೋತೀವಿ” ಎಂದು ಇನ್ನೊಬ್ಬರು. ಇಳಿಸಿದ ಮೇಲೂ ಗಾಡಿಯಲ್ಲಿ ಉಳಿದವರ ಸಂಖ್ಯೆ ಪರ್ಮಿಟ್‌ಗಿಂತ ಜಾಸ್ತಿಯೇ ಇರುತ್ತದೆ, ಆ ಮಾತು ಬೇರೆ. ವಯಸ್ಸಾದ ಡ್ರೈವರ್ ಒಬ್ಬರು ಎಲ್ಲರ ಮಾತು ಮುಗಿಯುವತನಕ ಸುಮ್ಮನಿದ್ದು ಹೇಳಿದರು: “ಬ್ರೇಕರ್ ಹಾಕ್ಲಿ, ನಾವು ಬ್ಯಾಡ ಅನ್ನಂಗಿಲ್ಲ. ಆದ್ರ ಅದು ಬ್ರೇಕರ್ ಇರ್ಬೇಕ್ರಿ, ಕಟ್ಟಿ ಇರಬಾರ್ದು.”

ಶಹಾಬಾದಿನಲ್ಲಿ ಇದು ಅಕ್ಷರಶಃ ಕಟ್ಟಿಯೇ. ಊರಿನ ಹೆಸರು ದೇಶದ ತುಂಬ ಗೊತ್ತಿರುವುದು ನೆಲಕ್ಕೆ ಹಾಸುವ ಪರ್ಸಿ ಕಲ್ಲಿನಿಂದ. ಅದೇ ಪರ್ಸಿಯನ್ನು ಅಡ್ಡ ನಿಲ್ಲಿಸಿ ಹೂತು, ನಾಲ್ಕು ಬೆರಳು ಮೇಲೆ ಬಿಟ್ಟು, ಅಕ್ಕಪಕ್ಕ ಸಿಮೆಂಟ್ ಬಡಿದರೆ ಬ್ರೇಕರ್ ಸಿದ್ಧ. ಡಾಂಬರಿನ ಉಬ್ಬು ಎರಡು ಮಳೆಗಾಲಕ್ಕೆ ಸವೆದು ಸಪಾಟಾಗುತ್ತದೆ. ಪರ್ಸಿ ಹಾಗಲ್ಲ, ಅದು ಟಯರನ್ನೇ ಸವೆಸುತ್ತದೆ. ಗಣಿಯಿಂದ ಪರ್ಸಿ ಹೇರಿಕೊಂಡು ಬಂದ ಟ್ರ್ಯಾಕ್ಟರ್ ಓಣಿಯ ಪರ್ಸಿ ಬ್ರೇಕರ್ ಮೇಲೆ ಕುಪ್ಪಳಿಸಿ, ಟ್ರಾಲಿಯಲ್ಲಿದ್ದ ನಾಲ್ಕು ಕಲ್ಲು ಸೀಳು ಬಿಟ್ಟದ್ದನ್ನು ನಾವು ನೋಡಿದ್ದೇವೆ. ನಷ್ಟ ಡ್ರೈವರನ ಪಗಾರದಿಂದ ಹೋಯಿತು.

ವಾಡಿಯಲ್ಲಿ ತಕರಾರು ಎತ್ತರದ್ದಲ್ಲ, ಬಣ್ಣದ್ದು. ಸಿಮೆಂಟ್ ರಸ್ತೆ, ಸಿಮೆಂಟ್ ಬ್ರೇಕರ್, ಎರಡರ ಮೇಲೂ ಬೂದು ದೂಳು. ಹಗಲಲ್ಲೇ ಕಾಣುವುದು ಕಷ್ಟ, ರಾತ್ರಿ ಶಿಫ್ಟ್ ಬಿಟ್ಟು ಮನೆಗೆ ಬರುವವನಿಗೆ ಹೇಗೆ ಕಾಣಬೇಕು? ರೂಢಿಯವರು ಬ್ರೇಕರನ್ನು ಕಣ್ಣಿನಿಂದಲ್ಲ, ನೆನಪಿನಿಂದ ದಾಟುತ್ತಾರೆ: ಹಿಟ್ಟಿನ ಗಿರಣಿ ಆದಮೇಲೆ ಒಂದು, ಬೇವಿನ ಗಿಡದ ಹತ್ತಿರ ಒಂದು. ಬೀಳುವವರು ಬೀಗರ ಮನೆಗೆ ಬಂದವರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು. ಚಿತ್ತಾಪುರದಲ್ಲಿ ಇನ್ನೊಂದು ನಮೂನೆ ಸಿಗುತ್ತದೆ. ಮನೆಗೆ ನಳ ಎಳೆದುಕೊಳ್ಳಲು ಸಿ.ಸಿ. ರಸ್ತೆಯನ್ನು ಅಡ್ಡ ಕತ್ತರಿಸಿ, ಪೈಪ್ ಇಟ್ಟು, ಮೇಲೆ ಸಿಮೆಂಟ್ ಮುಚ್ಚಿರುತ್ತಾರೆ. ಅದು ಉಬ್ಬಿಕೊಂಡು ನಿಂತಿರುತ್ತದೆ. ಬ್ರೇಕರ್ ಯಾಕಿಷ್ಟು ಎತ್ತರ ಮಾಡಿಸಿದ್ದೀರಿ ಎಂದು ಕೇಳಿದ್ದಕ್ಕೆ ಮನೆಯೊಡತಿಗೆ ಸಿಟ್ಟೇ ಬಂತು. “ಬ್ರೇಕರ್ ಅಲ್ರಿ ಅದು, ನಮ್ಮ ನಳ!”

ಸುದ್ದಿಯಲ್ಲಿ ‘ಸವಾರರ ಪರದಾಟ’ ಎಂದಿರುತ್ತದೆ. ಆದರೆ ಬೀಳುವುದು ಹೆಚ್ಚಾಗಿ ಸವಾರನಲ್ಲ, ಹಿಂದೆ ಕೂತವರು. ಹ್ಯಾಂಡಲ್ ಹಿಡಿದವನಿಗೆ ಬ್ರೇಕರ್ ಕೊನೆ ಗಳಿಗೆಯಲ್ಲಾದರೂ ಕಾಣುತ್ತದೆ. ಮೈ ಬಿಗಿ ಹಿಡಿಯುತ್ತಾನೆ, ಕಾಲೂರುತ್ತಾನೆ. ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಂಗಸಿಗೆ ಕಾಣುವುದು ಗಂಡನ ಅಂಗಿಯ ಬೆನ್ನು ಅಷ್ಟೇ. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಚೀಲ. ಹಿಡಿದುಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ಬ್ರೇಕರ್ ಮೇಲಿನ ಸಿಟ್ಟು ಸವಾರನದು, ಪೆಟ್ಟು ಅವಳದು. ನಮಗೆ ಫೋನ್ ಮಾಡಿ ‘ಒಂದು ಸುದ್ದಿ ಹಾಕ್ರಿ’ ಅನ್ನುವವರು ಎಲ್ಲರೂ ಗಂಡಸರು.

ಅವೈಜ್ಞಾನಿಕ ಅನ್ನುತ್ತೇವಲ್ಲ, ಹಾಗಾದರೆ ವೈಜ್ಞಾನಿಕ ಬ್ರೇಕರ್ ಹೇಗಿರುತ್ತದೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಇದರ ಅಳತೆಯನ್ನು ಬರೆದಿಟ್ಟಿದೆ. ಐ.ಆರ್.ಸಿ. 99 ಎಂಬ ಕೈಪಿಡಿ ಮೊದಲು ಬಂದದ್ದು 1988ರಲ್ಲಿ, ತಿದ್ದಿದ್ದು 2018ರಲ್ಲಿ. ಗಾಡಿಗಳು ಗಂಟೆಗೆ 25 ಕಿಲೊಮೀಟರ್ ವೇಗದಲ್ಲಿ ಆರಾಮಾಗಿ ದಾಟಬೇಕಾದರೆ ಬ್ರೇಕರ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಮೇಲ್ಮೈ 17 ಮೀಟರ್ ತ್ರಿಜ್ಯದ ವೃತ್ತದ ತುಣುಕಿನಂತೆ ದುಂಡಗಿರಬೇಕು. ಕಪ್ಪು ಬಿಳಿ ಪಟ್ಟಿ ಬಳಿಯಬೇಕು, 40 ಮೀಟರ್ ಮುಂಚೆಯೇ ಎಚ್ಚರಿಕೆ ಫಲಕ ಇರಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹನ್ನೆರಡು ಅಡಿ ಅಗಲ, ನಾಲ್ಕು ಇಂಚು ಎತ್ತರ.

ಹನ್ನೆರಡು ಅಡಿ! ನಮ್ಮ ಎಷ್ಟೋ ಓಣಿಗಳ ಅಗಲವೇ ಅಷ್ಟಿಲ್ಲ. ನಮ್ಮಲ್ಲಿರುವ ಬ್ರೇಕರ್ ಅಗಲದಲ್ಲಿ ಒಂದಡಿ, ಬಹಳವೆಂದರೆ ಒಂದು ಮೊಳ. ಎತ್ತರದಲ್ಲಿ ಮುಕ್ಕಾಲು ಗೇಣು.

ಈ ಅಳತೆಯ ಹಿಂದೆ ಒಂದು ಕಥೆಯಿದೆ. ಅಮೆರಿಕದ ಆರ್ಥರ್ ಕಾಂಪ್ಟನ್ ಭೌತಶಾಸ್ತ್ರಕ್ಕೆ 1927ರಲ್ಲಿ ನೊಬೆಲ್ ಪಡೆದವರು. ಮುಂದೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದಾಗ, ಆವರಣದಲ್ಲಿ ಜೋರಾಗಿ ಓಡುವ ಕಾರುಗಳ ಕಾಟ ತಾಳದೆ 1953ರಲ್ಲಿ ಅವುಗಳನ್ನು ತಡೆಯುವ ಉಬ್ಬಿನ ವಿನ್ಯಾಸ ಮಾಡಿದರು. ನೊಬೆಲ್ ಪಡೆದವರು ತಲೆ ಕೆಡಿಸಿಕೊಂಡ ವಸ್ತು ಇದು! ಆಮೇಲೆ 1973ರಲ್ಲಿ ಬ್ರಿಟನ್ನಿನ ಸರ್ಕಾರಿ ರಸ್ತೆ ಸಂಶೋಧನಾಲಯದ ವಾಟ್ಸ್ ಎಂಬುವರು ಬೇರೆ ಬೇರೆ ಆಕಾರದ ಉಬ್ಬುಗಳ ಮೇಲೆ ಗಾಡಿ ಓಡಿಸಿ ನೋಡಿದರು. ಹನ್ನೆರಡು ಅಡಿ, ನಾಲ್ಕು ಇಂಚಿನ ಲೆಕ್ಕ ಹೊರಬಂದದ್ದು ಅಲ್ಲಿಂದ. ಆ ಲೆಕ್ಕದ ಹಿಂದಿನ ಕಾರಣ ತಿಳಿದಾಗ ನಮಗೆ ಓಣಿಯ ಬ್ರೇಕರ್ ಬೇರೆಯಾಗಿ ಕಾಣತೊಡಗಿತು.

ಗಿಡ್ಡ, ಚೂಪು ಬ್ರೇಕರ್ ಮೇಲೆ ಜೋರಾಗಿ ಹೋದರೆ ಚಕ್ರವಷ್ಟೇ ಮೇಲೆದ್ದು ಬೀಳುತ್ತದೆ. ಆ ಪೆಟ್ಟನ್ನು ಶಾಕಪ್ ನುಂಗಿಕೊಳ್ಳುತ್ತದೆ, ಮೈಗೆ ತಟ್ಟುವುದು ಕಡಿಮೆ. ಅದರ ಮೇಲೇ ನಿಧಾನ ಹೋದರೆ ಗಾಡಿ ಪೂರ್ತಿ ಹತ್ತಿ, ಪೂರ್ತಿ ಇಳಿದು, ಒಳಗಿದ್ದವರ ಬೆನ್ನುಮೂಳೆ ಎಣಿಸುತ್ತದೆ. ಅಗಲ ಬ್ರೇಕರ್ ಇದರ ತದ್ವಿರುದ್ಧ. ಬೈಕ್, ಆಟೊ, ಕಾರು ಯಾವುದೇ ಇರಲಿ, ಎರಡೂ ಗಾಲಿ ಒಟ್ಟಿಗೆ ಅದರ ಮೇಲೆ ಇರುತ್ತವೆ. ನಿಧಾನ ಹೋದವನಿಗೆ ಸಣ್ಣ ದಿಬ್ಬ ಹತ್ತಿಳಿದಂತೆ. ಜೋರಾಗಿ ಹೋದವನನ್ನು ಮಾತ್ರ ಎತ್ತಿ ಒಗೆಯುತ್ತದೆ.

ಅಂದರೆ ನಮ್ಮ ಓಣಿಗಳಲ್ಲಿರುವ ಬ್ರೇಕರ್ ಶಿಕ್ಷೆ ಕೊಡುತ್ತಿರುವುದು ತಪ್ಪಾದ ಮನುಷ್ಯನಿಗೆ. ಗರ್ಭಿಣಿಯನ್ನು ಕೂರಿಸಿಕೊಂಡು ಮೆಲ್ಲಗೆ ಬರುವ ಆಟೊದವನನ್ನು ಅದು ಗುದ್ದುತ್ತದೆ. ಸೈಲೆನ್ಸರ್ ಬಿಚ್ಚಿ ಹಾರಿಸಿಕೊಂಡು ಹೋಗುವ ಹುಡುಗನನ್ನು ಬಿಟ್ಟುಕಳಿಸುತ್ತದೆ. ಓಣಿಯವರಿಗೂ ಇದು ಗೊತ್ತು. “ಜೋರ್ ಹೋಗೋರು ಹೋಗೇ ಹೋಗ್ತಾರ, ನಾವು ಮುದುಕರೇ ಕುಲುಕಾಡ್ತೀವಿ” ಎಂಬ ಮಾತನ್ನು ನಾವು ಐದೂ ಊರಲ್ಲಿ ಕೇಳಿದ್ದೇವೆ. ಗೊತ್ತಿದ್ದೂ ಹಾಗೆಯೇ ಯಾಕೆ ಮಾಡುತ್ತಾರೆ?

ಉತ್ತರ ಕೊಟ್ಟವರು ಸೇಡಂನ ಒಬ್ಬ ಗೌಂಡಿ ಕಾಕಾ. ಅವರ ಓಣಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಆ ಓಣಿಯಲ್ಲಿ ಮೊದಲು ಪರ್ಸಿ ಹಾಸು ಇತ್ತು. ಕಲ್ಲು ಅಲ್ಲಲ್ಲಿ ಕಿತ್ತು, ಸಂದಿಗೊಂದು ತಗ್ಗು. ಯಾರೂ ಜೋರಾಗಿ ಓಡಿಸುತ್ತಿರಲಿಲ್ಲ, ಓಡಿಸಲು ಆಗುತ್ತಿರಲಿಲ್ಲ. ಸಿ.ಸಿ. ರಸ್ತೆ ಆಗಲೆಂದು ಓಣಿಯವರು ವರ್ಷಗಟ್ಟಲೆ ಕೇಳಿದರು, ಆಯಿತು. ರಸ್ತೆ ಕನ್ನಡಿಯಂತಾಯಿತು. ಮುಖ್ಯರಸ್ತೆಯ ಗದ್ದಲ ತಪ್ಪಿಸಲು ಬೈಕುಗಳು, ಸಣ್ಣ ಗೂಡ್ಸ್ ಗಾಡಿಗಳು ಅಲ್ಲಿಂದ ನುಗ್ಗತೊಡಗಿದವು. ಬಾಗಿಲು ತೆರೆದರೆ ರಸ್ತೆಯೇ ಇರುವ ಮನೆಗಳು, ನಡುವೆ ಕಟ್ಟೆ ಇಲ್ಲ, ಅಂಗಳ ಇಲ್ಲ. ಒಂದು ಸಂಜೆ ನಾಲ್ಕು ವರ್ಷದ ಹುಡುಗಿ ಹೊಸ್ತಿಲು ದಾಟಿ ಎರಡು ಹೆಜ್ಜೆ ಓಡಿದ್ದಳು, ಬೈಕ್ ಬಡಿಯಿತು. ತೊಡೆ ಎಲುಬು ಮುರಿಯಿತು. ಕಲಬುರಗಿಯಲ್ಲಿ ಆಪರೇಷನ್, ತಿಂಗಳುಗಟ್ಟಲೆ ಮಲಗಿದಲ್ಲೇ. ಈಗ ನಡೆಯುತ್ತಾಳೆ, ಸ್ವಲ್ಪ ಎಳೆಯುತ್ತಾಳೆ.

ಆ ವಾರವೇ ಓಣಿಯವರು ಬ್ರೇಕರ್ ಹಾಕಿಸಿದರು. ಅರ್ಜಿ ಇಲ್ಲ, ಅನುಮತಿ ಇಲ್ಲ. ಒಬ್ಬರ ಮನೆ ಕಟ್ಟಡದಲ್ಲಿ ಉಳಿದಿದ್ದ ಒಂದು ಚೀಲ ಸಿಮೆಂಟ್, ನಾಲ್ಕು ಬುಟ್ಟಿ ಉಸುಕು, ಖಡಿ. ರಾತ್ರಿ ಒಂಬತ್ತರಿಂದ ಹತ್ತೂವರೆಯೊಳಗೆ ಗೌಂಡಿ ಕಾಕಾ ಮುಗಿಸಿದರು. ಎರಡೂ ತುದಿಗೆ ಕಲ್ಲಿಟ್ಟು, ಮುಳ್ಳಿನ ಕಂಟಿ ಅಡ್ಡ ಹಾಕಿ, ಮೂರು ದಿನ ನೀರು ಹಾಕಿದರು.

ಎಂಟು ತಿಂಗಳ ನಂತರ ಅದೇ ಓಣಿಯ ಕೊನೆ ಮನೆಯ ಅವ್ವ ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು ಮಗನ ಬೈಕಿನಲ್ಲಿ ಬರುತ್ತಿದ್ದರು. ಒಂದು ಕಣ್ಣಿಗೆ ಪಟ್ಟಿ. ಮಗ ನಿಧಾನವೇ ಬರುತ್ತಿದ್ದ. ಬ್ರೇಕರ್ ಹತ್ತಿದ ಗಾಡಿ ಇಳಿಯುವಾಗ ಅವ್ವ ಹಿಂದಕ್ಕೆ ಜಾರಿದರು. ಸೊಂಟದ ಎಲುಬು. ಆ ವಯಸ್ಸಿಗೆ ಸೊಂಟ ಮುರಿದರೆ ಏನೆಂದು ಎಲ್ಲರಿಗೂ ಗೊತ್ತಿದೆ. ಅವರು ಮತ್ತೆ ತಮ್ಮ ಕಾಲ ಮೇಲೆ ಎದ್ದು ನಿಲ್ಲಲಿಲ್ಲ.

ಮರುವಾರ ಮಗ ಹಾರಿ ಹಿಡಿದು ಬ್ರೇಕರ್ ಒಡೆಯಲು ಬಂದ. ಹುಡುಗಿಯ ತಾಯಿ ಬಂದು ಅದರ ಮೇಲೆ ಕೂತುಬಿಟ್ಟಳು. ಯಾರೋ ಫೋನ್ ಮಾಡಿ ಹೇಳಿದ್ದರಿಂದ ನಾವೂ ಅಲ್ಲಿಗೆ ಹೋಗಿದ್ದೆವು.

“ಒಡೀ ತಮ್ಮಾ. ಮೊದಲು ನನ್ನ ಮಗಳ ಕಾಲು ಹೆಂಗಿತ್ತೋ ಹಂಗ ಮಾಡಿ ಕೊಡು, ಆಮ್ಯಾಲ ಒಡೀ.”

“ಅಕ್ಕಾ, ನಮ್ಮವ್ವ ಏನು ಗಾಡಿ ಜೋರ್ ಹೊಡದಿದ್ಲೇನ? ಆಕಿ ತಪ್ಪು ಏನದ ಹೇಳು.”

ಇಬ್ಬರ ಮಾತಿಗೂ ಓಣಿಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಕ್ಯಾಮೆರಾವನ್ನು ನಾವು ಚೀಲದಲ್ಲೇ ಇಟ್ಟುಕೊಂಡೆವು. ‘ಸವಾರರ ಪರದಾಟ’, ‘ನಿವಾಸಿಗಳ ಆಗ್ರಹ’, ಎರಡರಲ್ಲಿ ಯಾವ ತಲೆಬರಹದ ಕೆಳಗೂ ಇದನ್ನು ಕೂರಿಸಲು ಬರುವಂತಿರಲಿಲ್ಲ.

ಗೌಂಡಿ ಕಾಕಾ ಬಂದರು. ಅವರೇ ಹಾಕಿದ ಬ್ರೇಕರ್. ಕೂತವಳನ್ನೂ ನಿಂತವನನ್ನೂ ನೋಡಿ, “ಒಡಿಯೋದೂ ಬ್ಯಾಡ, ಹಿಂಗ ಬಿಡೋದೂ ಬ್ಯಾಡ. ಅಗಲ ಮಾಡೂಣು” ಎಂದರು. ಸುತ್ತಲಿನ ಕಾರ್ಖಾನೆಗಳ ಕಾಲೊನಿ ರಸ್ತೆಗಳಲ್ಲಿ ಅವರು ಗುತ್ತಿಗೆದಾರರ ಕೈಕೆಳಗೆ ವರ್ಷಗಳ ಕಾಲ ಕೆಲಸ ಮಾಡಿದವರು. ಅಲ್ಲಿ ಕಟ್ಟಿಗೆಯ ಫರ್ಮಾ ಇಟ್ಟು ಬ್ರೇಕರ್ ಹಾಕಿದ್ದರಂತೆ. ಅಂಚಿನಿಂದ ಮೂರು ಅಡಿಗೆ ಮೂರು ಇಂಚು, ಆರು ಅಡಿಗೆ ನಾಲ್ಕು ಇಂಚು, ಅಲ್ಲಿಂದ ಮತ್ತೆ ಹಾಗೆಯೇ ಇಳಿಸಬೇಕು. ಲೆಕ್ಕ ಬಾಯಿಪಾಠ. ನಾವು ಕೈಪಿಡಿಯಿಂದ ಟಿಪ್ಪಣಿ ಮಾಡಿಕೊಂಡಿದ್ದನ್ನು ಅವರ ಥಾಪಿ ಮೊದಲೇ ಕಲಿತಿತ್ತು.

ಹಾಗಿದ್ದರೆ ಮೊದಲೇ ಯಾಕೆ ಸರಿಯಾಗಿ ಮಾಡಲಿಲ್ಲ ಎಂದು ಕೇಳಿದೆವು. “ಇದ್ದದ್ದು ಒಂದು ಚೀಲ ಸರ. ಒಂದು ಚೀಲದಾಗ ಇಷ್ಟೇ ಆಗ್ತದ. ಅಂಥಾದ್ದು ಮಾಡ್ಬೇಕಂದ್ರ ಐದಾರು ಚೀಲ ಬೇಕು. ಕೊಡೋರು ಯಾರು?”

ನಾವು ಕೂತು ಲೆಕ್ಕ ಹಾಕಿದೆವು. ಹನ್ನೊಂದು ಅಡಿಯ ಓಣಿಗೆ ಅಡ್ಡಲಾಗಿ ಒಂದಡಿ ಅಗಲ, ಅರ್ಧ ಅಡಿ ಎತ್ತರದ ದುಂಡು ಉಬ್ಬಿಗೆ ಹಿಡಿಯುವುದು ನಾಲ್ಕು ಘನ ಅಡಿಯಷ್ಟು ಕಾಂಕ್ರೀಟ್. ಒಂದು ಚೀಲ ಸಿಮೆಂಟ್ ಧಾರಾಳ. ಹನ್ನೆರಡು ಅಡಿ ಅಗಲ, ನಾಲ್ಕು ಇಂಚಿನದಕ್ಕೆ ಮೂವತ್ತು ಘನ ಅಡಿಯ ಹತ್ತಿರ ಬರುತ್ತದೆ, ಅಂದರೆ ಸುಮಾರು ಎಂಟು ಪಟ್ಟು. ಎತ್ತರ ಕಡಿಮೆ ಇದ್ದರೂ ಮಾಲು ಜಾಸ್ತಿ. ಕಾಕಾ ಹೇಳಿದ ಐದಾರು ಚೀಲ ಬರೋಬ್ಬರಿ ಇತ್ತು. ಜೊತೆಗೆ ಖಡಿ, ಉಸುಕು, ಎರಡು ದಿನದ ಆಳು, ರಸ್ತೆ ಬಂದ್. ಮನೆ ಮುಂದೆ ಹನ್ನೆರಡು ಅಡಿ ಉಬ್ಬು ಬಂದರೆ ಬಾಗಿಲ ಮುಂದೆ ಬೈಕ್ ನಿಲ್ಲಿಸಲು ಆಗುವುದಿಲ್ಲ ಎಂಬ ತಕರಾರು ಬೇರೆ.

ದೇಶದ ಎಲ್ಲೆಲ್ಲಿಗೋ ಸಿಮೆಂಟ್ ಕಳಿಸುವ ಸೀಮೆ ಇದು. ವಾಡಿಯಲ್ಲಿ ಕಾರ್ಖಾನೆ, ಮಳಖೇಡದಲ್ಲಿ ಕಾರ್ಖಾನೆ, ಸೇಡಂನಲ್ಲಿ ಕಾರ್ಖಾನೆ, ಶಹಾಬಾದಿನದು ನಿಂತುಹೋಯಿತು. ಬಲ್ಕರ್ ಗಾಡಿಗಳು ಹಗಲೂ ರಾತ್ರಿ ಸಾಲುಗಟ್ಟಿ ಹೋಗುತ್ತವೆ. ಅಂಥ ಸೀಮೆಯ ಓಣಿಯಲ್ಲಿ ಒಂದು ಅವ್ವನ ಸೊಂಟ ಮುರಿದದ್ದು ಐದು ಚೀಲ ಸಿಮೆಂಟ್ ಕಡಿಮೆ ಬಿದ್ದದ್ದಕ್ಕೆ.

ಆ ಬ್ರೇಕರಿಗೆ ಮುಂದೆ ಏನಾಯಿತು ಎಂಬುದಕ್ಕೆ ಬರುವ ಮುಂಚೆ ಚಿಂಚೋಳಿಯ ಒಬ್ಬ ಡ್ರೈವರನ ಮಾತು ಹೇಳಿಬಿಡಬೇಕು. ಉಳಿದ ನಾಲ್ಕು ಊರಿಗೆ ರೈಲಿದೆ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ಕಾಲದ ರೈಲು ಬಂದದ್ದು 1874ರಲ್ಲಿ, ಚಿತ್ತಾಪುರ, ಸೇಡಂ ಅದೇ ಹಳಿಯ ಮೇಲಿವೆ. ಚಿಂಚೋಳಿಗೆ ಇಂದಿಗೂ ರೈಲಿಲ್ಲ. ಕುಂಚಾವರಂ ಕಡೆಯ ಕಾಡಂಚಿನ ತಾಂಡಾಗಳಿಂದ ಹೆರಿಗೆಗೆ ಹೊರಟವಳು ಚಿಂಚೋಳಿಗೆ ಬರುವುದೂ ರಸ್ತೆಯಲ್ಲೇ, ಅಲ್ಲಿ ಆಗದಿದ್ದರೆ ಕಲಬುರಗಿಗೆ ಎಂಬತ್ತು ಕಿಲೊಮೀಟರ್ ಆಚೀಚೆ ಹೋಗುವುದೂ ರಸ್ತೆಯಲ್ಲೇ. 108 ಬರುವುದು ತಡವಾದಾಗ ಕರೆಯುವುದು ಇವನನ್ನು. ದಾರಿಯಲ್ಲಿನ ಊರೊಳಗೆ ಎಲ್ಲೆಲ್ಲಿ ಬ್ರೇಕರ್ ಇದೆ ಎಂದು ಕಣ್ಣು ಮುಚ್ಚಿ ಹೇಳುತ್ತಾನೆ.

“ಬ್ರೇಕರ್ ಬರೋ ಮುಂಚೆ ಹೇಳ್ತೀನ್ರಿ, ಅವ್ವಾ ಬಂತು, ಹಿಡ್ಕೋ ಅಂತ. ಆಕಿ ಉಸುರು ಹಿಡೀತಾಳ, ನಾನೂ ಹಿಡೀತೀನಿ. ದಾಟಿದ ಮ್ಯಾಲ ಇಬ್ಬರೂ ಬಿಡ್ತೀವಿ.”

ಎಲ್ಲ ಕಿತ್ತು ಹಾಕಿಸಬೇಕು ಅನ್ನುತ್ತಾನೆ ಎಂದುಕೊಂಡೆವು. ಇಲ್ಲ. “ನಮ್ಮೂರ ಸಾಲಿ ಮುಂದಿಂದು ಇರ್ಲಿ ಸರ. ಅದು ಇಲ್ಲಂದ್ರ ಟಿಪ್ಪರ್‌ನೋರು ಮಕ್ಕಳಿಗಿ ಬಿಡಂಗಿಲ್ಲ.” ಉಳಿದವು? “ಉಳಿದವು ಯಾರ್ಯಾರು ಯಾತಕ್ಕ ಹಾಕ್ಯಾರೋ, ಅವರಿಗೇ ಕೇಳ್ಬೇಕು.”

ಯಾರು ಹಾಕಿದರು ಎಂಬುದೇ ಮುಖ್ಯ ಪ್ರಶ್ನೆ. ಒಂದು ಪಟ್ಟಣದ ಕಚೇರಿಯಲ್ಲಿ, ನಿಮ್ಮ ವ್ಯಾಪ್ತಿಯಲ್ಲಿ ಎಷ್ಟು ರಸ್ತೆ ಉಬ್ಬುಗಳಿವೆ ಎಂದು ಕೇಳಿದೆವು. ಅಂಥ ಪಟ್ಟಿ ಇಲ್ಲ. ನಳದ ಪಟ್ಟಿ ಇದೆ, ಬೀದಿದೀಪದ ಪಟ್ಟಿ ಇದೆ, ಉಬ್ಬಿನದಿಲ್ಲ. “ನಾವು ಹಾಕಿದ್ದು ಕೆಲವು, ಜನ ಹಾಕ್ಕೊಂಡಿದ್ದು ಕೆಲವು, ರಸ್ತೆ ಕಂಟ್ರಾಕ್ಟರ್ ಮಂದಿ ಹೇಳಿದ್ರು ಅಂತ ಹಾಕಿ ಹೋಗಿದ್ದು ಕೆಲವು” ಎಂದು ಅಲ್ಲಿನವರು ಹೇಳಿದರು. ಸುಳ್ಳು ಹೇಳಲಿಲ್ಲ, ಅದನ್ನು ಮೆಚ್ಚಬೇಕು.

ಕಾನೂನು ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿತನಕ ದಂಡ. ಆದರೆ ರಾತ್ರಿ ಒಂಬತ್ತಕ್ಕೆ ಹುಟ್ಟಿದ ಬ್ರೇಕರಿಗೆ ಪ್ರಾಧಿಕಾರ ಯಾವುದು? ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವರಿಗೆ ಹಳೆಯ ದಂಡ ಸಂಹಿತೆಯಲ್ಲಿ 200 ರೂಪಾಯಿ ದಂಡವಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ 5,000 ರೂಪಾಯಿತನಕ ಏರಿದೆ. ಅದನ್ನು ಹಚ್ಚಲು ಹೊರಟರೆ ಮೊದಲ ಆರೋಪಿ ಕಾಲು ಮುರಿದ ಹುಡುಗಿಯ ಅಪ್ಪ. ಯಾವ ಪೊಲೀಸರು ಆ ಕೇಸು ಬರೆಯುತ್ತಾರೆ? ಬರೆಯಬೇಕು ಎಂದು ನಾವೂ ಹೇಳಲಾರೆವು.

ಇದೇನು ಸಣ್ಣ ವಿಷಯವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2015ರ ಒಂದೇ ವರ್ಷ ದೇಶದಲ್ಲಿ ರಸ್ತೆ ಉಬ್ಬುಗಳ ಕಾರಣಕ್ಕೆ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಮರುವರ್ಷ ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಉಬ್ಬುಗಳನ್ನು ತೆಗೆಯಲು ಸಚಿವಾಲಯ ಹೇಳಿತು. ಓಣಿಗಳ ಬಗ್ಗೆ ಹೇಳಲು ಯಾರೂ ಇಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ, ಸಭೆ ನಡೆಯುತ್ತದೆ, ‘ಅವೈಜ್ಞಾನಿಕ ಉಬ್ಬು ತೆರವುಗೊಳಿಸಿ’ ಎಂಬ ಸೂಚನೆ ಹೊರಡುತ್ತದೆ, ನಾವು ಅದನ್ನೂ ಸುದ್ದಿ ಮಾಡುತ್ತೇವೆ. ತೆರವುಗೊಳಿಸಿ ಎಂದಷ್ಟೇ ಇರುತ್ತದೆ, ಅದರ ಜಾಗದಲ್ಲಿ ಸರಿಯಾದದ್ದನ್ನು ಹಾಕಿ ಎಂದು ಇರುವುದಿಲ್ಲ. ಕಿತ್ತ ಬ್ರೇಕರ್ ಮುಂದಿನ ಅಪಘಾತದ ಮರುದಿನ ಮತ್ತೆ ಏಳುತ್ತದೆ, ಈ ಸಲ ಇನ್ನೂ ಎರಡು ಬೆರಳು ಎತ್ತರ. ದೊಡ್ಡವರ ಕಾರುಗಳು ಬರುವ ಹಿಂದಿನ ರಾತ್ರಿ ದಾರಿಯ ಬ್ರೇಕರುಗಳು ಮಾಯವಾಗುವುದನ್ನೂ ನಾವು ಕಂಡಿದ್ದೇವೆ. ಆಗ ಜೆ.ಸಿ.ಬಿ. ಸಿಗುತ್ತದೆ, ಆಳು ಸಿಗುತ್ತಾರೆ, ರಾತ್ರಿಪಾಳಿಯಲ್ಲಿ ಕೆಲಸವೂ ಆಗುತ್ತದೆ.

ಸಿ.ಸಿ. ರಸ್ತೆಯ ಅಂದಾಜು ಪಟ್ಟಿ ಬರೆಯುವಾಗಲೇ, ಜನವಸತಿ ಓಣಿಗೆ ಇಷ್ಟು ದೂರಕ್ಕೊಂದು ಅಳತೆಯ ಬ್ರೇಕರ್ ಎಂದು ಒಂದು ಸಾಲು ಸೇರಿಸಿದರೆ ಆರು ಚೀಲ ಸಿಮೆಂಟ್ ಆ ಲೆಕ್ಕದಲ್ಲಿ ಕಾಣುವುದೂ ಇಲ್ಲ. ನೂರಾರು ಚೀಲ ಸುರಿದು ವೇಗವನ್ನು ಓಣಿಗೆ ತಂದವರೇ ಅದರ ಲಗಾಮನ್ನೂ ತರಬೇಕಲ್ಲವೇ? ನಯವಾದ ರಸ್ತೆ ಕೊಟ್ಟು, ಅದಕ್ಕೆ ಬೇಕಾದ ಬ್ರೇಕರನ್ನು ಮಾತ್ರ ಓಣಿಯವರ ಉಳಿಕೆ ಸಿಮೆಂಟಿಗೆ ಬಿಟ್ಟರೆ ಹೀಗೇ ಆಗುವುದು.

ಸೇಡಂನ ಓಣಿಯಲ್ಲಿ ಕಾಕಾ ಹೇಳಿದ ಹಾಗೆಯೇ ಆಯಿತು. ಹಳೆಯ ಉಬ್ಬಿನ ತಲೆಯನ್ನು ಎರಡು ಇಂಚು ಕೆತ್ತಿ, ಎರಡೂ ಕಡೆ ಇಳಿಜಾರು ಎಳೆದರು. ಎರಡು ಚೀಲ ಅವ್ವನ ಮಗ ಕೊಟ್ಟ, ಒಂದು ಹುಡುಗಿಯ ಅಪ್ಪ, ಉಳಿದದ್ದು ಓಣಿಯ ಪಟ್ಟಿ. ಹನ್ನೆರಡು ಅಡಿ ಆಗಲಿಲ್ಲ, ಒಂಬತ್ತಕ್ಕೆ ನಿಂತಿತು. ಹತ್ತನೇ ಅಡಿಗೆ ಒಬ್ಬರ ಬಾಗಿಲು ಬರುತ್ತಿತ್ತು, ಅವರು ಒಪ್ಪಲಿಲ್ಲ. ಅಷ್ಟಾದರೂ ಆಟೊಗಳು ಈಗ ಕುಲುಕದೆ ದಾಟುತ್ತವೆ. ಜೋರಾಗಿ ಬಂದವರು ಒಂದು ಸಲ ಹಾರಿದ ಮೇಲೆ ಎರಡನೇ ಸಲ ನಿಧಾನಿಸುತ್ತಾರೆ.

ಎಲ್ಲ ಸುಸೂತ್ರ ಎಂದಲ್ಲ. ನೀರು ಹರಿಯಲೆಂದು ಅಂಚಿಗೆ ಒಂದು ಗೇಣು ಜಾಗ ಬಿಟ್ಟಿದ್ದಾರೆ. ಹುಡುಗರು ಬೈಕಿನ ಚಕ್ರವನ್ನು ಅದೇ ಸಂದಿಯಲ್ಲಿ ತೂರಿಸಿ ಗಟಾರದ ಅಂಚಿಗೇ ಹೋಗುತ್ತಾರೆ. ಮೊನ್ನೆ ಒಬ್ಬ ಗಟಾರದೊಳಗೆ ಕಾಲಿಟ್ಟ. ದೊಡ್ಡ ಮಳೆಗೆ ಆ ಸಂದಿ ಸಾಲದೆ ಮೇಲಿನ ಎರಡು ಮನೆಗಳ ಮುಂದೆ ನೀರು ನಿಲ್ಲುತ್ತದೆ. ಹುಡುಗಿಯ ತಾಯಿ, ಅವ್ವನ ಮಗ ಈಗಲೂ ಮಾತಾಡುವುದಿಲ್ಲ.

ಬಣ್ಣ ಬಳಿದಿಲ್ಲ. ಕಾಕಾ ಮೊದಲ ದಿನ ಸುಣ್ಣದಲ್ಲಿ ಪಟ್ಟಿ ಎಳೆದಿದ್ದರು, ಮಳೆಗೆ ತೊಳೆದುಹೋಯಿತು. ಪೇಂಟಿನ ಡಬ್ಬಿ ಯಾರು ತರಬೇಕು ಎಂಬ ಮಾತು ಓಣಿಯಲ್ಲಿ ಇನ್ನೂ ನಡೆದಿದೆ.